ತೊಗರಿಯ ಹೂವು ಮತ್ತು ಬೆಳಕನ್ನರಿಯುವ ಪ್ರೋಟೀನು

ಅಫಜಲಪುರ ತಾಲ್ಲೂಕಿನ ಗೊಬ್ಬೂರ ಸೀಮೆಯ ಎರೆ ಭೂಮಿಯಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ, ಮೊದಲ ಕೆಲವು ತಿಂಗಳು ಎಲೆ ರೆಂಬೆಗಳನ್ನಷ್ಟೇ ಬೆಳೆಸಿಕೊಂಡು, ಹಗಲು ಕಿರಿದಾಗಿ ಇರುಳು ದೀರ್ಘವಾದ ಮೇಲೆ ಹೂವಿಗೆ ಬರುತ್ತದೆ. ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ಈ ಭಾಗದಲ್ಲಿ ಅತಿ ದೀರ್ಘ ಹಗಲು 13 ಗಂಟೆಯಷ್ಟು, ಅತಿ ಕಿರಿದಾದದ್ದು 11 ಗಂಟೆಯಷ್ಟು. ಇಷ್ಟು ಸಣ್ಣ ವ್ಯತ್ಯಾಸವನ್ನೂ ಗಿಡ ಗುರುತಿಸುವುದರಿಂದಲೇ, ತಡವಾಗಿ ಬಿತ್ತಿದ ತೊಗರಿ ಎತ್ತರಕ್ಕೆ ಬೆಳೆಯದೆ ಗಿಡ್ಡವಾಗಿದ್ದಾಗಲೇ ಹೂ ಬಿಟ್ಟು ಇಳುವರಿಯಲ್ಲಿ ಸೋಲುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ಬೇಸಾಯ ಮಳೆಯನ್ನು ನಂಬಿರುವಷ್ಟೇ ಗಿಡದ ಈ ಅರಿವನ್ನೂ ನಂಬಿದೆ.

ಸಸ್ಯಗಳಲ್ಲಿ ಈ ಅರಿವಿಗೆ ಮುಖ್ಯ ಆಧಾರವಾದದ್ದು ಫೈಟೋಕ್ರೋಮ್ ಎಂಬ ಪ್ರೋಟೀನು. ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು, ಕೆಂಪು ಬೆಳಕು ಲೆಟ್ಯೂಸ್ ಬೀಜವನ್ನು ಮೊಳೆಯಿಸುತ್ತದೆಂದೂ, ಅದರ ಬೆನ್ನಿಗೇ ಬಿದ್ದ ದೂರಗೆಂಪು ಬೆಳಕು ಆ ಪರಿಣಾಮವನ್ನು ಅಳಿಸುತ್ತದೆಂದೂ 1952ರಲ್ಲಿ ತೋರಿಸಿದರು. ಇದಕ್ಕೆ ಕಾರಣವಾದ ಪ್ರೋಟೀನು 1959ರಲ್ಲಿ ಪತ್ತೆಯಾಯಿತು. ಅದರೊಳಗೆ ಬೆಳಕನ್ನು ಹೀರುವ ಬಣ್ಣದ ಅಣು, ಅಂದರೆ ವರ್ಣಕ, ಹುದುಗಿದ್ದು, ನಾಲ್ಕು ಉಂಗುರಗಳು ಸಾಲಾಗಿ ಜೋಡಿಸಿಕೊಂಡ ರಚನೆ ಅದರದು. ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ತಾಗಿದಾಗ ಕೊನೆಯ ಉಂಗುರ ತಿರುಗಿ ಪ್ರೋಟೀನು ಸಕ್ರಿಯ ರೂಪ ತಳೆಯುತ್ತದೆ. 730 ನ್ಯಾನೋಮೀಟರಿನ ದೂರಗೆಂಪು ಬೆಳಕಿನಲ್ಲಿ ತಕ್ಷಣವೂ, ಕತ್ತಲೆಯಲ್ಲಿ ನಿಧಾನವಾಗಿಯೂ ಅದು ಹಿಂದಿನ ರೂಪಕ್ಕೆ ಮರಳುತ್ತದೆ.

ಉಂಗುರದ ತಿರುವು ಪ್ರೋಟೀನಿನ ಇಡೀ ಮೈಗೆ ಹೇಗೆ ಹರಡುತ್ತದೆಂದು ತಿಳಿಯಬೇಕಾದರೆ ಅದನ್ನು ಕ್ಷಣಕ್ಷಣವೂ ಚಿತ್ರಿಸಬೇಕು. ಆದರೆ ಮೊದಲ ಹಂತಗಳು ನಡೆಯುವುದು ಪಿಕೋಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗಗಳಲ್ಲಿ. ಇದಕ್ಕಾಗಿ ಪ್ರೋಟೀನನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳನ್ನಾಗಿಸಿ, ಲೇಸರ್ ಮಿಡಿತದಿಂದ ಪ್ರಚೋದಿಸಿ, ನಿಗದಿತ ಅಂತರ ಕಳೆದೊಡನೆ ಅತಿ ಪ್ರಖರವಾದ ಎಕ್ಸ್-ಕಿರಣದ ಮಿಡಿತವನ್ನು ಹಾಯಿಸುತ್ತಾರೆ. ಹರಳು ಆ ಹೊಡೆತಕ್ಕೆ ನಾಶವಾಗುತ್ತದಾದರೂ, ನಾಶಕ್ಕೆ ಮೊದಲೇ ಚದುರಿದ ಕಿರಣಗಳು ಪರಮಾಣುಗಳ ನೆಲೆಯನ್ನು ದಾಖಲಿಸಿರುತ್ತವೆ. ಸಾವಿರಾರು ಹರಳುಗಳ ದಾಖಲೆಗಳನ್ನು ಕೂಡಿಸಿದರೆ ಒಂದು ಕ್ಷಣದ ಚಿತ್ರವೂ, ಅಂತರವನ್ನು ಬದಲಿಸುತ್ತ ಹೋದರೆ ಚಲನೆಯ ಕ್ರಮವೂ ದೊರೆಯುತ್ತದೆ.

ಜಪಾನಿನ ಸಾಕ್ಲಾ ಎಕ್ಸ್-ಕಿರಣ ಲೇಸರಿನಲ್ಲಿ ಹೀಗೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವು, ಡೈನೊಕಾಕಸ್ ಎಂಬ ಬ್ಯಾಕ್ಟೀರಿಯಾದ ಫೈಟೋಕ್ರೋಮ್ ಬೆಳಕು ಹೀರಿದ 1 ಮತ್ತು 10 ಪಿಕೋಸೆಕೆಂಡುಗಳ ನಂತರ ಹೇಗಿರುತ್ತದೆಂದು ತೋರಿಸಿತು: ಅಷ್ಟರಲ್ಲೇ ಕೊನೆಯ ಉಂಗುರ ತಿರುಚಿಕೊಂಡಿತ್ತು, ವರ್ಣಕವನ್ನು ಹಿಡಿದಿದ್ದ ನೀರಿನ ಅಣು ಕಳಚಿಕೊಂಡಿತ್ತು. ಅದೇ ಪ್ರೋಟೀನಿನ ಮೇಲೆ 2014ರಲ್ಲಿ ಬಂದ ಮತ್ತೊಂದು ಅಧ್ಯಯನದ ಪ್ರಕಾರ, ನಾಲಗೆಯಂತೆ ಚಾಚಿದ ಭಾಗವೊಂದು ಹಾಳೆಯ ಮಡಿಕೆಯನ್ನು ಬಿಟ್ಟು ಸುರುಳಿಯಾಗಿ ಮಡಚಿಕೊಳ್ಳುತ್ತದೆ ಮತ್ತು ಪ್ರೋಟೀನಿನ ಎರಡು ತೋಳುಗಳು ದೂರ ಸರಿಯುತ್ತವೆ. ಅಣುವಿನೊಳಗಿನ ಕಿರುತಿರುವು ಜೀವಕೋಶ ಗುರುತಿಸಬಲ್ಲ ಸಂಕೇತವಾಗಿ ಹಿಗ್ಗುವುದು ಹೀಗೆ.

ಸಸ್ಯಗಳ ಫೈಟೋಕ್ರೋಮ್‌ನ ವರ್ಣಕ ಬ್ಯಾಕ್ಟೀರಿಯಾದ್ದಕ್ಕಿಂತ ಸ್ವಲ್ಪ ಭಿನ್ನವಾಗಿದ್ದರೂ ಉಂಗುರ ತಿರುಗುವ ತತ್ವ ಒಂದೇ. ಗಿಡದಲ್ಲಿ ಈ ಸಂಕೇತವು ಜೀವಕೋಶದ ಒಳಗಡಿಯಾರದೊಂದಿಗೆ ಸೇರಿ ಇರುಳಿನ ಉದ್ದವನ್ನು ಅಳೆಯುತ್ತದೆ. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಹಗಲಿನ ಉದ್ದಕ್ಕೆ ಅಷ್ಟಾಗಿ ಒಳಪಡದ ಅಲ್ಪಾವಧಿ ತೊಗರಿ ತಳಿಗಳನ್ನು ಬೆಳೆಸಿದೆ. ಅದರ ನೇತೃತ್ವದಲ್ಲಿ ‘ಆಶಾ’ ತಳಿಯ ಜೀನೋಮ್, ಅಂದರೆ ಪೂರ್ಣ ವಂಶವಾಹಿ ಮಾಹಿತಿ, 2011ರಲ್ಲಿ ಪ್ರಕಟವಾಯಿತು. ಯಾವ ವಂಶವಾಹಿ ಹೂ ಬಿಡುವ ಕಾಲವನ್ನು ಹಿಂದುಮುಂದು ಮಾಡುತ್ತದೆಂದು ತಳಿ ವಿಜ್ಞಾನ ಹೇಳಬಲ್ಲದು. ಅದು ಹಾಗೇಕೆ ಮಾಡುತ್ತದೆಂದು ತಿಳಿಯಲು ಪ್ರೋಟೀನಿನ ಚಲನೆಯನ್ನೇ ಕಾಣಬೇಕು. ಮಳೆ ತಡವಾದ ವರ್ಷದಲ್ಲೂ ಒಣಬೇಸಾಯದ ರೈತನ ಕೈಬಿಡದ ತೊಗರಿಯನ್ನು ರೂಪಿಸಲು ಈ ಎರಡೂ ಬಗೆಯ ತಿಳಿವಳಿಕೆ ಒಂದುಗೂಡುವುದು ಅಗತ್ಯ.