ಸೀಟಿನ ಮೇಲಿನ ಟವೆಲ್

ಹಬ್ಬದ ಹಿಂದಿನ ದಿನ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಸೀಟು ಹಿಡಿಯಲು ಕಿಟಕಿಯೊಳಗೆ ಟವೆಲ್ ಬೀಳುತ್ತದೆ. ಆ ಸೀಟು ಖಾಲಿಯೋ, ಭರ್ತಿಯೋ? ಕಣ್ಣಿಗೆ ಖಾಲಿ, ಕೂರಲು ಹೋದವರಿಗೆ ಭರ್ತಿ. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಸೂಪರ್ ಕಂಪ್ಯೂಟರ್ 'ಪರಮ್ ಪ್ರವೇಗ'ದಂಥ ಕಡೆಯೂ ಈ ಪ್ರಶ್ನೆ ತಪ್ಪಿದ್ದಲ್ಲ.

2022ರಲ್ಲಿ ಸ್ಥಾಪನೆಯಾದ ಪ್ರವೇಗ ಒಂಟಿ ಯಂತ್ರವಲ್ಲ, ನೋಡ್ ಎಂದು ಕರೆಯುವ 624 ಕಂಪ್ಯೂಟರುಗಳ ಕೂಟ, ಅಂದರೆ ಕ್ಲಸ್ಟರ್. ಬಹುಪಾಲು ನೋಡ್‌ಗಳಲ್ಲಿ 192 ಜಿಬಿ ಮೆಮೊರಿ, 156ರಲ್ಲಿ 768 ಜಿಬಿ, 40ರಲ್ಲಿ ಜಿಪಿಯು. ಇಂಥ ಕ್ಲಸ್ಟರ್‌ಗಳಲ್ಲಿ ಯಾರಿಗೆ ಎಷ್ಟು ಹಂಚಬೇಕೆಂಬ ಲೆಕ್ಕವನ್ನು ಹೆಚ್ಚಾಗಿ ನೋಡಿಕೊಳ್ಳುವುದು ಸ್ಲರ್ಮ್. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ತಂತ್ರಾಂಶ ಅದು.

ಸ್ಲರ್ಮ್‌ನಲ್ಲಿ 'ಎಸ್‌ಇನ್ಫೊ' ಎಂದು ಟೈಪಿಸಿದರೆ ನೋಡ್‌ಗಳ ಸ್ಥಿತಿ ಒಂದೊಂದೇ ಪದದಲ್ಲಿ ಬರುತ್ತದೆ. ಐಡಲ್ ಎಂದರೆ ಪೂರ್ತಿ ಖಾಲಿ, ಮಿಕ್ಸ್ ಎಂದರೆ ಅರೆಬರೆ, ಅಲಾಕ್ ಎಂದರೆ ಎಲ್ಲ ಕೋರ್ (ಸಿಪಿಯುವಿನ ಲೆಕ್ಕ ಮಾಡುವ ಘಟಕ) ಹಂಚಿಯಾಗಿದೆ. ಡ್ರೈನ್ ಎಂದರೆ ಹೊಸ ಕೆಲಸ ಕೊಡಬೇಡಿ ಎಂದು ಮೇಲ್ವಿಚಾರಕರು ಹಾಕಿದ ಬೋರ್ಡು. ಪದದ ಪಕ್ಕ ಚುಕ್ಕೆಯಷ್ಟು ನಕ್ಷತ್ರ ಕಂಡರೆ ಆ ನೋಡ್ ಕರೆದರೂ ಓಗೊಡುತ್ತಿಲ್ಲ.

ಇವೆಲ್ಲ ಹಂಚಿಕೆಯ ಲೆಕ್ಕ, ದುಡಿಮೆಯದಲ್ಲ. ಒಂದು ನೋಡ್‌ನ ವಿವರ ತೆರೆದರೆ 'ಸಿಪಿಯು ಅಲಾಕ್' 48, ಅದೇ ಸಾಲಿನಲ್ಲಿ 'ಸಿಪಿಯು ಲೋಡ್' ಬರೀ 1 ಎಂದಿರಬಹುದು. ಯಾರೋ 48 ಕೋರ್ ಕೇಳಿ ಪಡೆದು, ಒಂದೇ ಕೋರಿನಲ್ಲಿ ಓಡುವ ಪ್ರೋಗ್ರಾಂ ಬಿಟ್ಟಿದ್ದಾರೆ. ಮಿಕ್ಕ 47ರ ಮೇಲೆ ಇರುವುದು ಟವೆಲ್ಲು.

ಎಲ್‌ಎಸ್‌ಎಫ್ ಎಂಬ ಇನ್ನೊಂದು ತಂತ್ರಾಂಶ ಈ ಎರಡು ಲೆಕ್ಕಗಳಿಗೆ ಬೇರೆ ಬೇರೆ ಆಜ್ಞೆಗಳನ್ನೇ ಇಟ್ಟಿದೆ. ಟೊರೊಂಟೊದ ಪ್ಲಾಟ್‌ಫಾರ್ಮ್ ಕಂಪ್ಯೂಟಿಂಗ್ ಕಂಪನಿಯ ಈ ಸರಕು 2012ರಲ್ಲಿ ಐಬಿಎಂ ಪಾಲಾಯಿತು. ಅದರಲ್ಲಿ ಕೆಲಸಗಳ ಜಾಗ ನೋಡಲು 'ಬಿಹೋಸ್ಟ್ಸ್', ನಿಜವಾದ ಹೊರೆ ನೋಡಲು 'ಎಲ್‌ಎಸ್‌ಲೋಡ್'. ಎರಡನೆಯದರಲ್ಲಿ 15 ಸೆಕೆಂಡ್, 1 ನಿಮಿಷ, 15 ನಿಮಿಷಗಳ ಸರಾಸರಿಗಳ ಜೊತೆಗೆ 'ಐಟಿ' ಎಂಬ ಕಂಬಸಾಲೂ ಇದೆ: ಯಂತ್ರದ ಮುಂದೆ ಕೂತವರು ಕೀಲಿಮಣೆ ಮುಟ್ಟಿ ಎಷ್ಟು ನಿಮಿಷವಾಯಿತು ಎಂಬ ಎಣಿಕೆ. ಕೀಲಿಮಣೆಯೇ ಇಲ್ಲದ ಇಂದಿನ ನೋಡ್‌ಗಳಲ್ಲಿ ಇದೊಂದು ತಮಾಷೆ. ಆದರೆ ಜನ ಮನೆಗೆ ಹೋದ ಮೇಲೆ ಅವರ ಮೇಜಿನ ಕಂಪ್ಯೂಟರುಗಳಿಂದಲೇ ಕೆಲಸ ತೆಗೆಯುತ್ತಿದ್ದ ಕಾಲದ ಗುರುತು ಅದು.

ಹಾಗೆಂದು ಲೋಡ್ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನೋಡ್‌ನ ಲಿನಕ್ಸ್ ವ್ಯವಸ್ಥೆ, ಕೋರಿನಲ್ಲಿ ಓಡುತ್ತಿರುವ ಪ್ರೋಗ್ರಾಂಗಳನ್ನು, ಸರದಿಗೆ ಕಾದವುಗಳನ್ನು ಮಾತ್ರವಲ್ಲ, ಡಿಸ್ಕಿನ ಉತ್ತರಕ್ಕೆ ಕಾದು ಕೂತವುಗಳನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಸ್ಟೋರೇಜ್ ಕೈಕೊಟ್ಟ ದಿನ ಲೋಡ್ 60 ದಾಟಿ, ಕೋರುಗಳು ಮಾತ್ರ ತಣ್ಣಗಿರಬಹುದು.

ಹೊಸಬರು ಹೆಚ್ಚು ಎಡವುವುದು ಮೆಮೊರಿಯಲ್ಲಿ. ಮಿಕ್ಸ್ ನೋಡ್‌ನಲ್ಲಿ 40 ಕೋರ್ ಖಾಲಿ ಕಾಣುತ್ತವೆ, ಕೇಳಿರುವುದು ಬರೀ 8, ಆದರೂ ಕೆಲಸ ಸರದಿಯಿಂದ ಕದಲುವುದಿಲ್ಲ. ಅಲ್ಲಿ ಮೊದಲೇ ಸೇರಿಕೊಂಡ ಪುಟ್ಟ ಕೆಲಸವೊಂದು ನೋಡ್‌ನ ಮೆಮೊರಿಯನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡಿರುತ್ತದೆ. ಕಾದಿರುವ ಕೆಲಸದ ಮುಂದೆ ಸ್ಲರ್ಮ್ ಬರೆಯುವ ಕಾರಣ ಒಂದೇ ಪದ, 'ರಿಸೋರ್ಸಸ್'. ಯಾವ ರಿಸೋರ್ಸ್ ಎಂದು ಬಾಯಿ ಬಿಡುವುದಿಲ್ಲ. ಮತ್ತೆ ನೋಡ್‌ನ ವಿವರ ತೆರೆದು 'ಅಲಾಕ್ ಮೆಮ್' ಸಾಲಿಗೆ ಕಣ್ಣು ಹಾಯಿಸಬೇಕು.