ನಿಂತ ಫ್ಯಾನು ತಿರುಗಿದಾಗ

ಅಂದು ಬೆಳಗಿನ ಜಾವ ಕರೆಂಟು ಹೋಗಿತ್ತು. ಸೆಕೆಗೆ ಎಚ್ಚರವಾಗಿ ಎಡ ಮಗ್ಗುಲಿನಿಂದ ಬಲಕ್ಕೆ ಹೊರಳಿದೆ, ಅಷ್ಟೆ. ನಿಂತಿದ್ದ ಫ್ಯಾನು ಗಿರ್ರನೆ ತಿರುಗತೊಡಗಿತು. ಅದರ ಹಿಂದೆ ಸೂರು, ಸೂರಿನ ಹಿಂದೆ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು. ಮಂಚದ ಅಂಚನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡೆ. ಮಂಚವೂ ಆ ಗುಂಪಿಗೆ ಸೇರಿಕೊಂಡಿತು! ಎಲ್ಲ ಸೇರಿ ಅರ್ಧ ನಿಮಿಷವಿದ್ದೀತು. ಆಮೇಲೆ ಒಂದೊಂದೂ ತನ್ನ ಜಾಗಕ್ಕೆ ಬಂದು ನಿಂತಿತು. ಹೊಟ್ಟೆ ಮಾತ್ರ ತೊಳಸುತ್ತಲೇ ಇತ್ತು.

ನಮ್ಮಲ್ಲಿ ತಲೆ ಸುತ್ತಿದರೆ ಔಷಧ ಹೇಳದವರಿಲ್ಲ. ‘ಪಿತ್ತ ಕೆರಳಿದೆ’ ಎಂದು ಅತ್ತಿಗೆ ಮುರುಗಲು ಹಣ್ಣಿನ ಪಾನಕ ಮಾಡಿಕೊಟ್ಟರು. ಪಕ್ಕದ ಮನೆಯವರು ‘ಬಿ.ಪಿ. ಇಳಿದಿರಬೇಕು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ’ ಎಂದರು. ಮೊದಲು ಕಂಡ ಡಾಕ್ಟರು ಕತ್ತಿನ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಿದೆ ಎಂದು ಕೊರಳಪಟ್ಟಿ ಕಟ್ಟಿಸಿದರು. ಅರವತ್ತು ದಾಟಿದವರ ಕತ್ತಿನ ಮೂಳೆ ಸವೆಯದೆ ಇನ್ನೇನು ಮಾಡೀತು? ಜೊತೆಗೆ ದಿನಕ್ಕೆ ಮೂರು ಮಾತ್ರೆ. ಅವುಗಳಿಂದ ಹಗಲೆಲ್ಲ ತೂಕಡಿಕೆ ಬಂತು, ತಿರುಗುವುದು ನಿಲ್ಲಲಿಲ್ಲ.

ನಾಲ್ಕು ತಿಂಗಳು ಹೀಗೇ ಹೋಯಿತು. ಹಗ್ಗದ ಮೇಲೆ ಬಟ್ಟೆ ಹರವಲು ತಲೆ ಎತ್ತುವ ಹಾಗಿಲ್ಲ, ರಂಗೋಲಿಗೆ ಬಗ್ಗುವ ಹಾಗಿಲ್ಲ. ಮೇಲಿನ ಹಲಗೆಯ ಡಬ್ಬಿಗಳೆಲ್ಲ ಕೆಳಗಿಳಿದವು. ರಾತ್ರಿ ಎರಡು ದಿಂಬು ಇಟ್ಟುಕೊಂಡು ಕೂತ ಹಾಗೇ ನಿದ್ದೆ. ಒಬ್ಬಳೇ ಬಸ್ಸು ಹತ್ತುವುದನ್ನು ಬಿಟ್ಟೆ. ತಿರುಗುವ ಅರ್ಧ ನಿಮಿಷಕ್ಕಿಂತ, ಇನ್ನೇನು ತಿರುಗೀತು ಎಂಬ ಭಯದಲ್ಲಿ ಕಳೆಯುವ ಉಳಿದ ಹೊತ್ತೇ ದೊಡ್ಡ ಕಾಯಿಲೆ. ನೋಡುವವರಿಗೆ ಜ್ವರವಿಲ್ಲ, ಗಾಯವಿಲ್ಲ. ‘ಚೆನ್ನಾಗಿಯೇ ಇದ್ದೀರಲ್ಲ!’ ಎನ್ನುತ್ತಿದ್ದರು.

ಕೊನೆಗೆ ಕಿವಿ–ಮೂಗು–ಗಂಟಲಿನ ವೈದ್ಯೆಯೊಬ್ಬರ ಬಳಿ ಹೋದೆ. ಅಲ್ಲಿಯವರೆಗೆ ಯಾರೂ ಕೇಳದ ಒಂದು ಪ್ರಶ್ನೆಯನ್ನು ಆಕೆ ಕೇಳಿದರು: ‘ಯಾವಾಗ ತಿರುಗುತ್ತದಮ್ಮ?’

ಮಗ್ಗುಲು ಬದಲಿಸಿದಾಗ, ಮಲಗಿ ಏಳುವಾಗ, ತಲೆ ಎತ್ತಿದಾಗ, ಬಗ್ಗಿದಾಗ. ‘ಹಾಗಾದರೆ ಇದು ಕಿವಿಯದು’ ಎಂದರು. ಅದರ ಹೆಸರು ಬಿನೈನ್ ಪ್ಯರಾಕ್ಸಿಸ್ಮಲ್ ಪೊಸಿಷನಲ್ ವರ್ಟಿಗೋ. ಚಿಕ್ಕದಾಗಿ ಬಿ.ಪಿ.ಪಿ.ವಿ. ಹೆಸರಿನಲ್ಲಿ ಬಿ.ಪಿ. ಇದ್ದರೂ ರಕ್ತದೊತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ಭೂಮಿಯೇ ತಿರುಗಿದಂತಾಗುವ ತಲೆಸುತ್ತಿಗೆ ಬಹು ಸಾಮಾನ್ಯ ಕಾರಣ ಇದೇ. ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು.

ನಮ್ಮ ಒಳಕಿವಿಯ ಒಂದು ಚೀಲದಲ್ಲಿ ಸುಣ್ಣದ ಹರಳುಗಳಿವೆ. ಮರಳಿನ ಕಣಕ್ಕಿಂತಲೂ ಸಣ್ಣವು. ಪಕ್ಕದಲ್ಲೇ ಬಳೆಯ ತುಂಡಿನಂತೆ ಬಾಗಿದ, ದ್ರವ ತುಂಬಿದ ಮೂರು ನಾಳಗಳು. ತಲೆ ಯಾವ ಕಡೆ ತಿರುಗಿತೆಂದು ಮಿದುಳಿಗೆ ಹೇಳುವುದು ಇವುಗಳ ಕೆಲಸ. ವಯಸ್ಸಾದಾಗ ಅಥವಾ ತಲೆಗೆ ಪೆಟ್ಟು ಬಿದ್ದಾಗ ಕೆಲವು ಹರಳುಗಳು ಕಳಚಿ ನಾಳದೊಳಕ್ಕೆ ಜಾರುತ್ತವೆ. ತಲೆ ಅಲುಗಿದಾಗ ಅವೂ ಉರುಳಿ ದ್ರವವನ್ನು ಕದಡುತ್ತವೆ. ತಲೆ ನಿಂತರೂ ದ್ರವ ನಿಲ್ಲದು. ಕಣ್ಣು ‘ನಿಂತಿದ್ದೇನೆ’ ಎನ್ನುತ್ತದೆ, ಕಿವಿ ‘ತಿರುಗುತ್ತಿದ್ದೇನೆ’ ಎನ್ನುತ್ತದೆ. ಬುಗುರಿಯಂತೆ ಗಿರಗಿರನೆ ಸುತ್ತಿ ತಟ್ಟನೆ ನಿಂತ ಮಗುವಿನ ಪಾಡೂ ಇದೇ.

ಈ ರೋಗವನ್ನು 1921ರಲ್ಲಿ ವರ್ಣಿಸಿದವರು ರಾಬರ್ಟ್ ಬರಾನಿ. ಒಳಕಿವಿಯ ಸಮತೋಲದ ಕುರಿತ ಕೆಲಸಕ್ಕೆ 1914ರ ನೊಬೆಲ್ ಪ್ರಶಸ್ತಿ ಪಡೆದವರು. ಇದನ್ನು ಪತ್ತೆ ಮಾಡುವ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ಪ್ರಕಟಿಸಿದರು. ಹೊಕ್ಕ ಹರಳನ್ನು ಬಂದ ದಾರಿಯಲ್ಲೇ ಹೊರಗೆ ಉರುಳಿಸಬಹುದು ಎಂದವರು ಅಮೆರಿಕದ ಜಾನ್ ಎಪ್ಲಿ. 1980ರ ಸುಮಾರಿಗೆ ಅವರು ಈ ಮಾತು ಹೇಳಿದಾಗ ಸಹವೈದ್ಯರು ನಂಬಲಿಲ್ಲ. ಇಷ್ಟು ಸುಲಭವಾದದ್ದು ಚಿಕಿತ್ಸೆಯಾದೀತೆ? ಅವರ ಲೇಖನ ವೈದ್ಯಪತ್ರಿಕೆಯಲ್ಲಿ ಅಚ್ಚಾದದ್ದು 1992ರಲ್ಲಿ. ಇಂದು ಜಗತ್ತಿನಾದ್ಯಂತ ನಡೆಯುವುದು ಅದೇ ಚಿಕಿತ್ಸೆ.

ವೈದ್ಯೆ ನನ್ನನ್ನು ಮೇಜಿನ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮೇಜಿನಂಚಿನಿಂದ ತುಸು ಕೆಳಗೆ ಜೋತಿತ್ತು. ಕೋಣೆ ಸುತ್ತತೊಡಗಿತು. ‘ಕಣ್ಣು ಬಿಟ್ಟೇ ಇರಿ’ ಎಂದರು. ಕಣ್ಣಗುಡ್ಡೆ ಪಟಪಟನೆ ಕುಣಿಯುವ ರೀತಿಯೇ ಅವರಿಗೆ ಗುರುತು. ತೊಂದರೆ ಬಲಗಿವಿಯಲ್ಲಿತ್ತು. ಸುತ್ತು ನಿಂತ ಮೇಲೆ ತಲೆಯನ್ನು ನಿಧಾನವಾಗಿ ಎಡಕ್ಕೆ ಹೊರಳಿಸಿದರು. ತುಸು ಹೊತ್ತು ಬಿಟ್ಟು ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮುಖ ನೆಲ ನೋಡುವಂತೆ ಮಾಡಿದರು. ಮತ್ತೆ ತುಸು ಹೊತ್ತು. ಆಮೇಲೆ ಎಬ್ಬಿಸಿ ಕೂರಿಸಿದರು. ಐದು ನಿಮಿಷವಾಗಿರಲಿಲ್ಲ. ಮತ್ತೊಮ್ಮೆ ಮಲಗಿಸಿದಾಗ ಕೋಣೆ ಅಲುಗಲಿಲ್ಲ. ನನಗೆ ಅಳು ಬಂತು.

ಎಲ್ಲರಿಗೂ ಒಂದೇ ಸಲಕ್ಕೆ ಗುಣವಾಗುವುದಿಲ್ಲ, ಕೆಲವರಿಗೆ ಎರಡು ಮೂರು ಸಲ ಬೇಕು. ತೇಲಿದಂತಹ ಅನುಭವ ಕೆಲವು ದಿನ ಉಳಿಯಬಹುದು. ನಡೆದಾಡುತ್ತಿದ್ದರೆ ಬೇಗ ಹೋಗುತ್ತದೆ, ಹೆದರಿ ಮಲಗಿದರೆ ತಡವಾಗುತ್ತದೆ. ಸಿನ್ನರಿಜಿನ್‌ನಂತಹ ಮಾತ್ರೆ ವಾಂತಿಯನ್ನು ತಡೆದೀತು, ಹರಳನ್ನು ಸರಿಸಲಾರದು. ತಿಂಗಳುಗಟ್ಟಲೆ ನುಂಗಿದರೆ ವಯಸ್ಸಾದವರಲ್ಲಿ ಕೈನಡುಕ ಬರುವುದೂ ಉಂಟು. ಯಾವ ಕಿವಿ, ಯಾವ ನಾಳ ಎಂದು ತಿಳಿಯಬೇಕಾದ್ದರಿಂದ ಮೊದಲ ಸಲ ಬಲ್ಲವರ ಕೈಯಲ್ಲೇ ಮಾಡಿಸಿಕೊಳ್ಳಿ. ಕತ್ತಿನ ತೊಂದರೆಯಿದ್ದರೆ ಮೊದಲೇ ಹೇಳಿ.

ಎಲ್ಲ ತಲೆಸುತ್ತೂ ಹರಳಿನದಲ್ಲ. ಗಂಟೆಗಟ್ಟಲೆ ಸುತ್ತಿ, ಕಿವಿಯಲ್ಲಿ ಮೊರೆತವಿದ್ದು ಕೇಳುವುದು ಕಡಿಮೆಯಾದರೆ ಅದು ಮೆನಿಯೇರ್ ಕಾಯಿಲೆ ಇರಬಹುದು. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಿಟ್ಟರೆ ರಕ್ತದೊತ್ತಡ ನೋಡಿಸಬೇಕು. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ನಿಲ್ಲಲೂ ಆಗದಿದ್ದರೆ, ಪಾನಕ ಕಷಾಯ ಎನ್ನುತ್ತ ಕೂರಬೇಡಿ. ಅದು ಮಿದುಳಿನ ಆಘಾತವಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಹರಳು ಮತ್ತೆ ಜಾರುವುದುಂಟು. ಎರಡು ವರ್ಷದ ಮೇಲೆ ನನಗೂ ಬಂತು. ಆದರೆ ಆ ಸಲ ಮಂಚ ಹಿಡಿದುಕೊಂಡು ದೇವರನ್ನು ಕರೆಯಲಿಲ್ಲ. ಯಾವ ಮಗ್ಗುಲಿಗೆ ತಿರುಗಿದಾಗ ಬಂತೆಂದು ಗುರುತಿಟ್ಟುಕೊಂಡು ವೈದ್ಯೆಯ ಬಳಿ ಹೋದೆ, ಅದೂ ಒಬ್ಬಳೇ, ಬಸ್ಸಿನಲ್ಲಿ. ಡಬ್ಬಿಗಳೆಲ್ಲ ಈಗ ಮೇಲಿನ ಹಲಗೆಗೇ ಮರಳಿವೆ.