ಬಿಸಿಲು ಕಾಯಿಸಲು ಬೀದರಿಗೆ ಬನ್ನಿ!

ಕೊಲಂಬಸ್ ಇನ್ನೂ ಹಡಗು ಹತ್ತಿರಲಿಲ್ಲ. ವಾಸ್ಕೋ ಡ ಗಾಮಾ ಕಲ್ಲಿಕೋಟೆಯ ಕಡೆ ಮುಖ ಮಾಡಿರಲಿಲ್ಲ. 1470ರ ಆಸುಪಾಸಿನ ಒಂದು ನವೆಂಬರಿನಲ್ಲಿ, ರಷ್ಯಾದ ವೋಲ್ಗಾ ದಂಡೆಯ ತ್ವೇರ್ ಎಂಬ ಊರಿನ ವ್ಯಾಪಾರಿಯೊಬ್ಬ ಗಂಡುಕುದುರೆಯೊಂದನ್ನು ಹಿಡಿದುಕೊಂಡು ನಮ್ಮ ಬೀದರಿಗೆ ಬಂದ! ಹೆಸರು ಅಫನಾಸಿ ನಿಕಿತಿನ್. ಊರಿನಿಂದ ತಂದ ಸರಕನ್ನು ದಾರಿಯಲ್ಲಿ ಕಳ್ಳರು ದೋಚಿದ್ದರು. ಹೊರ್ಮುಜ್ ಬಂದರಿನಿಂದ ಸಮುದ್ರ ದಾಟಿ, ಕೊಂಕಣದ ಚೌಲ್‌ನಲ್ಲಿ ಇಳಿದು, ಘಟ್ಟ ಹತ್ತಿ, ಜುನ್ನರ್‌ನಲ್ಲಿ ಮಳೆಗಾಲ ಕಳೆದು, ಕಲಬುರಗಿ ನೋಡಿ ಇಲ್ಲಿಗೆ ಬಂದು ಸೇರಿದ್ದ. ಕುದುರೆ ಮಾರಾಟವಾದದ್ದು ಕ್ರಿಸ್‌ಮಸ್ ಹೊತ್ತಿಗೆ. ಆಮೇಲೂ ಅವನು ಹೊರಡಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವವರೆಗೆ ಬೀದರಿನಲ್ಲೇ ಉಳಿದ ಎಂದು ಅವನೇ ಬರೆದಿಟ್ಟಿದ್ದಾನೆ. ಅಂದರೆ ಇಡೀ ಒಂದು ಚಳಿಗಾಲ! ತನ್ನೂರಿನ ನದಿ ಹೆಪ್ಪುಗಟ್ಟಿ ಕಲ್ಲಾಗುವ ತಿಂಗಳುಗಳನ್ನು ಆ ಮನುಷ್ಯ ನಮ್ಮ ಬಿಸಿಲಿನಲ್ಲಿ ಕಳೆದ.

ಇವತ್ತು ಕೆನಡಾದವರು, ಅಮೆರಿಕದ ಉತ್ತರ ಭಾಗದವರು ಡಿಸೆಂಬರಿನ ಶಾಲೆ ರಜೆ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಮೆಕ್ಸಿಕೊದ ಕಡಲತೀರಗಳಿಗೆ, ಕಾನ್‌ಕುನ್‌ಗೋ ಪುಯೆರ್ಟೊ ವಲ್ಯಾರ್ತಾಗೋ ಹಾರುತ್ತಾರೆ. ಅವರು ಹುಡುಕಿ ಹೋಗುವುದು ಬಿಸಿಲು, ನೀರು, ಹೊಟ್ಟೆತುಂಬ ಊಟ, ಮನೆಮಂದಿಯೆಲ್ಲ ಒಟ್ಟಿಗಿರುವ ನಾಲ್ಕು ದಿನ. ಆ ನಾಲ್ಕೂ ಕರ್ನಾಟಕದ ತುತ್ತತುದಿಯ ಈ ಜಿಲ್ಲೆಯಲ್ಲಿವೆ. ನಾವೋ ಚಳಿಗಾಲದ ರಜೆ ಎಂದರೆ ಗೋವಾ ಎನ್ನುತ್ತೇವೆ, ಊಟಿ ಎನ್ನುತ್ತೇವೆ. ಬೀದರ್ ಯಾಕೆ ನಮ್ಮ ಬಾಯಿಗೆ ಬರುವುದೇ ಇಲ್ಲ?

ಬಿಸಿಲು ಹಿತವಾಗಬೇಕಾದರೆ ಮೊದಲು ಚಳಿ ಇರಬೇಕು. ಬೀದರಿನಲ್ಲಿ ಅದು ನಿಜವಾಗಿಯೂ ಇದೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಬಯಲು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುವುದುಂಟು. ಬೆಳಗ್ಗೆ ಗಲ್ಲಿಗಲ್ಲಿಯಲ್ಲಿ ಬೆಂಕಿ ಕಾಯಿಸುವವರು, ಕಂಬಳಿ ಹೊದ್ದು ಚಹಾದಂಗಡಿಗೆ ಬರುವ ಅಜ್ಜಂದಿರು. ಎಂಟು ಗಂಟೆ ದಾಟಿತೋ, ಮೋಡದ ಚೂರೂ ಇಲ್ಲದ ಆಕಾಶದಿಂದ ಬಿಸಿಲು ಇಳಿಯುತ್ತದೆ ನೋಡಿ, ಅಷ್ಟು ಹೊತ್ತೂ ಮುದುಡಿಕೊಂಡಿದ್ದ ಮಕ್ಕಳು ಸ್ವೆಟರ್ ಕಿತ್ತೆಸೆದು ಓಡತೊಡಗುತ್ತಾರೆ!

ಕಡಲಿಲ್ಲದ ಊರಿನಲ್ಲಿ ನೀರೆಲ್ಲಿಂದ ಬಂತು ಎಂದು ಕೇಳುತ್ತೀರಿ. ಇಲ್ಲಿಂದ ಶುರುವಾಗುತ್ತದೆ ನಿಜವಾದ ಸೋಜಿಗ. ಬೀದರ್ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೆಂಪು ಕಲ್ಲು, ಮೈತುಂಬ ತೂತು. ಅದರ ಕೆಳಗೆ ದಖ್ಖನ್ನಿನ ಗಟ್ಟಿ ಕಪ್ಪು ಶಿಲೆ. ಬಿದ್ದ ಮಳೆಯೆಲ್ಲ ಜರಡಿಯಲ್ಲಿ ಇಳಿದಂತೆ ಕೆಂಪು ಕಲ್ಲಿನೊಳಗೆ ಇಳಿಯುತ್ತದೆ, ಕೆಳಗಿನ ಪದರಕ್ಕೆ ಬಂದು ತಡೆಯುತ್ತದೆ, ದಿಬ್ಬದ ಅಂಚಿನಲ್ಲಿ ದಾರಿ ಸಿಕ್ಕಲ್ಲಿ ಝರಿಯಾಗಿ ಹೊರಬರುತ್ತದೆ. ಪಾಪನಾಶ, ನಾನಕ್ ಝೀರಾ, ನರಸಿಂಹ ಝರಣಿ – ಒಂದು ಶಿವನ ಗುಡಿ, ಒಂದು ಗುರುದ್ವಾರ, ಒಂದು ನರಸಿಂಹನ ಗುಹೆ. ಮೂರಕ್ಕೂ ಅದೇ ಕೆಂಪು ಕಲ್ಲಿನ ನೀರು!

ನರಸಿಂಹ ಝರಣಿಯಲ್ಲಿ ದೇವರ ಹತ್ತಿರ ನಡೆದು ಹೋಗುವಂತಿಲ್ಲ, ನೀರಿನಲ್ಲಿ ಸಾಗಬೇಕು. ಬೆಟ್ಟದ ಹೊಟ್ಟೆಯೊಳಗಿನ ಸುರಂಗ, ಎದೆಮಟ್ಟ ನೀರು, ಮೇಲೆ ಜೋತುಬಿದ್ದ ಬಾವಲಿಗಳು. ತಂದೆಯರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ‘ಗೋವಿಂದಾ’ ಎನ್ನುತ್ತ ಸಾಗುತ್ತಾರೆ. ಜಲಾಸುರನೆಂಬ ರಾಕ್ಷಸನನ್ನು ಕೊಂದಾಗ ಅವನು ನೀರಾಗಿ ಸ್ವಾಮಿಯ ಪಾದದಲ್ಲಿ ಹರಿದನಂತೆ. ಅವನು ಪೂಜಿಸುತ್ತಿದ್ದ ಲಿಂಗವೂ ಗುಹೆಯ ಕೊನೆಯಲ್ಲಿ ನರಸಿಂಹನ ಜೊತೆಗೇ ಇದೆ. ನೀರು, ಗಾಳಿ ಕಡಿಮೆಯಾದಾಗ ಸುರಂಗವನ್ನು ಮುಚ್ಚುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ನಾನಕ್ ಝೀರಾದ ಕಥೆ ಇನ್ನೊಂದು ಬಗೆಯದು. ಹದಿನಾರನೆಯ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿನ ಜನ ಕುಡಿಯುವ ನೀರಿಲ್ಲವೆಂದು ಅಳಲು ತೋಡಿಕೊಂಡರಂತೆ. ಅವರು ಕಾಲಿನಿಂದ ಒಂದು ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಎನ್ನುತ್ತಾರೆ. ಆ ನೀರು ಇವತ್ತಿಗೂ ಹರಿಯುತ್ತಿದೆ. ಖಾಲ್ಸಾ ಪಂಥದ ಮೊದಲ ಐವರು ‘ಪಂಚ ಪ್ಯಾರೇ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು – ಇದನ್ನು ಎಷ್ಟು ಕನ್ನಡಿಗರು ಬಲ್ಲರು? ಗುರುದ್ವಾರದ ಊಟದ ಮನೆಯಾದ ಲಂಗರಿನಲ್ಲಿ ಚಾಪೆಯ ಮೇಲೆ ಸಾಲಾಗಿ ಕುಳಿತು ಬಿಸಿ ರೋಟಿ, ದಾಲ್ ಉಣ್ಣುವುದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಇನ್ನು ನೌಬಾದಿನ ಕರೇಜ್! ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಶಿಯಾದ ತಂತ್ರ ತಿಳಿದವರು ನೆಲದ ಕೆಳಗೆ ಕೆಂಪು ಕಲ್ಲನ್ನು ಕೊರೆದು ಮಾಡಿದ ಕಾಲುವೆ. ಉದ್ದಕ್ಕೂ ಗಾಳಿಗೂ ಬೆಳಕಿಗೂ ಬಾವಿಯಂಥ ಕಂಡಿಗಳು, ಇಪ್ಪತ್ತಕ್ಕೂ ಹೆಚ್ಚು. ಯಂತ್ರವಿಲ್ಲ, ಏತವಿಲ್ಲ. ಇಳಿಜಾರಿನ ಲೆಕ್ಕವೊಂದರಿಂದಲೇ ನೀರು ನಡೆಯುತ್ತಿತ್ತು. ಹೂಳಿನಲ್ಲಿ ಮುಚ್ಚಿ ಮರೆತೇ ಹೋಗಿದ್ದ ಇದರ ಜಾಡನ್ನು ಈ ಶತಮಾನದಲ್ಲಿ ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಹುಡುಕಿ ನಕ್ಷೆ ಮಾಡಿದರು. ಕಂಡಿಯೊಂದರ ಬಾಯಲ್ಲಿ ಬಗ್ಗಿ ನೋಡಿದರೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಇಂಥದ್ದೊಂದನ್ನು ನೂರಾರು ವರ್ಷ ಕಾಲಡಿಯಲ್ಲೇ ಇಟ್ಟುಕೊಂಡು ಬದುಕಿದೆವಲ್ಲ!

ಕೋಟೆಗೆ ಒಂದು ಪೂರ್ತಿ ದಿನ ಬೇಕು. ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದವನು. ಸುಲ್ತಾನರ ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು ಎಂದು ನಿಕಿತಿನ್ ಬೆರಗಾಗಿ ಬರೆದ. ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವನ್ನು ಮಕ್ಕಳಿಗೆ ತೋರಿಸಿ. ಆಮೇಲೆ ರಂಗೀನ್ ಮಹಲ್. ಬೀಗ ಹಾಕಿದ್ದರೆ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಂತಿಸಿಕೊಂಡು ಬಾಗಿಲು ತೆಗೆಸಿ, ಬಿಡಬೇಡಿ. ಒಳಗೆ ಅಚ್ಚ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಕುಸುರಿ! ಕಡಲಿನಿಂದ ಇಷ್ಟು ದೂರದ ಊರಿಗೆ ಕಡಲಿನ ಚಿಪ್ಪು ಬಂದು ಕಲ್ಲಿನಲ್ಲಿ ಬಳ್ಳಿಯಾಗಿ ಹಬ್ಬಿದೆ. ದೀಪದ ಬೆಳಕು ಬಿದ್ದ ಕಡೆಯೆಲ್ಲ ನಸುಗೆಂಪು, ತಿಳಿಹಸಿರು, ಬೆಳ್ಳಿಬಣ್ಣ ಓಡಾಡುತ್ತದೆ.

ಇದೇ ಕೋಟೆಯ ಮಣ್ಣು ಬಿದ್ರಿ ಕೆಲಸದವರ ಜೀವಾಳ. ಸತುವೇ ಹೆಚ್ಚಾಗಿ, ತಾಮ್ರ ಸ್ವಲ್ಪವಾಗಿ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೆರೆ ತೆಗೆದು, ಅದರಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿನೀರಿನಲ್ಲಿ ಹಾಕುತ್ತಾರೆ. ಕಣ್ಣೆದುರಿಗೇ ಲೋಹವೆಲ್ಲ ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ! ಮಳೆ, ಬಿಸಿಲು ತಾಗದ ಜಾಗದ ಮಣ್ಣೇ ಬೇಕು; ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಆರಿಸುತ್ತಾರೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಈ ಕಲೆಯ ಹಿರಿಯರು.

ಬಹಮನಿ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ 1472ರ ಮದರಸಾದ ನೀಲಿ ಹೆಂಚುಗಳನ್ನು ಇಳಿಬಿಸಿಲಿನಲ್ಲಿ ನೋಡಿ. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ಗುಮ್ಮಟಗಳಿಗೆ ಬೆಳಗ್ಗೆಯೇ ಹೋಗಿ. ಅಲ್ಲಿ ಹುಮಾಯೂನ್ ಶಾನ ಗುಮ್ಮಟ ಸಿಡಿಲು ಬಡಿದು ಸೀಳಿಹೋಗಿದೆ, ಉಳಿದರ್ಧ ಹಾಗೇ ನಿಂತಿದೆ. ಗುಮ್ಮಟವನ್ನು ಒಳಗಿನಿಂದ ಹೇಗೆ ಕಟ್ಟುತ್ತಿದ್ದರು ಎಂಬುದನ್ನು ಯಾವ ಪುಸ್ತಕವೂ ಹೀಗೆ ತೆರೆದು ತೋರಿಸಲಾರದು! ಪಕ್ಕದಲ್ಲೇ ರಾಜಧಾನಿಯನ್ನು ಇಲ್ಲಿಗೆ ತಂದ ಅದೇ ಅಹ್ಮದ್ ಶಾ ವಲಿಯ ಗೋರಿ. ಅವರನ್ನು ಅಲ್ಲಮಪ್ರಭು ಎಂದೇ ನಂಬುವ ಭಕ್ತರಿದ್ದಾರೆ. ಉರುಸಿಗೆ ಜಂಗಮರೊಬ್ಬರು ನಡೆದು ಬಂದು ಪೂಜೆ ನಡೆಸುತ್ತಾರೆ.

ಊರ ಹೊರಗಿನ ವಿಲಾಸಪುರ ಕೆರೆಯ ಕಡೆ ಜಂಗಲ್ ಲಾಡ್ಜಸ್‌ನ ರೆಸಾರ್ಟ್ ಇದೆ, ಹೆಸರೇ ಬ್ಲ್ಯಾಕ್‌ಬಕ್. ಸುತ್ತಿನ ಹುಲ್ಲುಬಯಲಿನಲ್ಲಿ ಚಿಗರಿಗಳ ಹಿಂಡು. ತಿರುಚಿದ ಕೋಡು ಹೊತ್ತ ಕಪ್ಪು ಬೆನ್ನಿನ ಗಂಡು ಒಮ್ಮೆ ನೆಗೆದರೆ ಜೀಪಿನಲ್ಲಿರುವ ಮಕ್ಕಳು ಉಸಿರು ಬಿಡುವುದನ್ನೇ ಮರೆಯುತ್ತಾರೆ.

ನಗರದಿಂದ ಸುಮಾರು 40 ಕಿ.ಮೀ. ದೂರಕ್ಕೆ ಭಾಲ್ಕಿ. ಆ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯ, ಕಣ್ಣು ಹಾಯುವವರೆಗೂ ನೀಲಿ. ಆದರೆ ಭಾಲ್ಕಿಯಲ್ಲಿ ನನ್ನ ಕಾಲು ತಾನಾಗಿ ನಿಂತದ್ದು ಹಿರೇಮಠದಲ್ಲಿ. ನಿಜಾಮನ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಆಸರೆಯಿಲ್ಲದ ದಿನಗಳಲ್ಲಿ ಇಲ್ಲಿನ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು! ಬೆಂಗಳೂರಿನಲ್ಲಿ ಹುಟ್ಟಿ ಕನ್ನಡವನ್ನು ತಾನಾಗಿ ಬಂದ ಸೊತ್ತೆಂದುಕೊಂಡಿರುವ ಮಕ್ಕಳಿಗೆ ಈ ಅಂಗಳದಲ್ಲಿ ನಿಂತು ಆ ಕಥೆ ಹೇಳಿ.

ಇಷ್ಟೆಲ್ಲ ಹೇಳಿದ್ದು ಔರಾದಿಗೆ ಕರೆದೊಯ್ಯುವುದಕ್ಕಾಗಿ. ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ಅಂಟಿಕೊಂಡ ತಾಲ್ಲೂಕು. ಕರಿಮಣ್ಣಿನ ಹೊಲ, ಅಮರೇಶ್ವರನ ಗುಡಿ, ಕಪ್ಪು ಮಚ್ಚೆಯ ಬಿಳಿ ಮೈಯ ದೇವಣಿ ದನಗಳು. ಒಂದೇ ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬಂದು ಹೋಗುವ ಸಂತೆ. ಇಲ್ಲಿಗೆ ಎಳ್ಳ ಅಮಾವಾಸ್ಯೆಯ ದಿನವೇ ಬರಬೇಕು. ಡಿಸೆಂಬರಿನಲ್ಲೋ ಜನವರಿಯಲ್ಲೋ ಬೀಳುವ ಆ ಒಂದು ದಿನ ಬೀದರ್, ಭಾಲ್ಕಿ, ಔರಾದ್ ಮೂರರ ಬೀದಿಗಳೂ ಬಿಕೋ ಎನ್ನುತ್ತವೆ. ಅಂಗಡಿ ಬಂದ್. ಜನರೆಲ್ಲ ಎಲ್ಲಿ? ಹೊಲದಲ್ಲಿ! ಚಕ್ಕಡಿ, ಟ್ರ್ಯಾಕ್ಟರ್, ಆಟೊ, ಬೈಕು – ಸಿಕ್ಕಿದ್ದರಲ್ಲಿ ಬುಟ್ಟಿಗಳನ್ನೇರಿಸಿಕೊಂಡು ಮನೆಮಂದಿಯೆಲ್ಲ ಹೊರಟುಬಿಡುತ್ತಾರೆ. ಇಡೀ ಜಿಲ್ಲೆಯೇ ಒಂದೇ ದಿನ ತನ್ನ ಬಿಸಿಲಿಗೆ ತಾನೇ ರಜೆ ಹೋಗುವುದನ್ನು ಬೇರೆಲ್ಲಿ ಕಂಡೀರಿ?

ಹೊಲದ ನಡುವೆ ಜೋಳದ ದಂಟಿನ ಕೊಂಪಿ. ಒಳಗೆ ಪಾಂಡವರೆಂದು ಐದು ಕಲ್ಲು, ಸುಣ್ಣ, ಕುಂಕುಮ. ಪೂಜೆಯಾದ ಮೇಲೆ ಹಿರಿಯರು ಬೆಳೆಯ ಸುತ್ತ ನಡೆದು ಚರಗ ಚೆಲ್ಲುತ್ತಾರೆ – ಭೂಮಿತಾಯಿಗೆ ಮೊದಲ ತುತ್ತು. ಆಮೇಲೆ ಬಿಚ್ಚುತ್ತಾರೆ ಬುಟ್ಟಿ! ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆತ ತಣ್ಣನೆಯ ಅಂಬಲಿ, ಎಲ್ಲಕ್ಕೂ ಅರಸಾಗಿ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ ಇದು. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಆ ಋತುವಿನಲ್ಲಿ ಹೊಲ ಕೊಟ್ಟ ಕಾಳು, ಸೊಪ್ಪು, ತರಕಾರಿಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿದ ಗಟ್ಟಿ ಪಲ್ಯ. ಬೆಳೆದ ನೆಲದ ಮೇಲೆಯೇ ಕುಳಿತು, ಬೆನ್ನಿಗೆ ಬಿಸಿಲು ಬೀಳುತ್ತಿರುವಾಗ ಅದನ್ನು ರೊಟ್ಟಿಯಲ್ಲಿ ಎತ್ತಿಕೊಂಡು ಬಾಯಿಗಿಟ್ಟ ಗಳಿಗೆಯನ್ನು ನಾನು ಮರೆಯಲಾರೆ. ನಾವು ಅಲ್ಲಿ ಯಾರಿಗೂ ನೆಂಟರಲ್ಲ. ಬದುವಿನಲ್ಲಿ ನಡೆದು ಹೋಗುತ್ತಿದ್ದವರನ್ನು ಕಂಡ ಅಜ್ಜಿಯೊಬ್ಬರು ಕೂಗಿದರು: “ಎಲ್ಲಿ ಹೊಂಟೀರಿ? ಬರ್ರಿ, ಉಂಡು ಹೋಗ್ರಿ!” ಒಲ್ಲೆ ಎನ್ನುವಷ್ಟರಲ್ಲಿ ಕೈಗೆ ರೊಟ್ಟಿ ಬಂದಿತ್ತು. ಊಟವಾದ ಮೇಲೆ ಮಕ್ಕಳಿಗೆ ಬೇವಿನ ಮರದ ಜೋಕಾಲಿ, ಗಾಳಿಪಟ, ದೊಡ್ಡವರಿಗೆ ಕೊಂಪಿಯ ನೆರಳು.

ಇನ್ನೊಂದು ಬೆರಗು ಆ ತಟ್ಟೆಯಲ್ಲೇ ಇತ್ತು. ನಿಕಿತಿನ್ ಬೀದರಿನಲ್ಲಿದ್ದ ಚಳಿಗಾಲದಲ್ಲಿ ಇಲ್ಲಿ ಒಂದೇ ಒಂದು ಮೆಣಸಿನಕಾಯಿ ಇರಲಿಲ್ಲ! ಟೊಮೆಟೊ, ಶೇಂಗಾ ಕೂಡ ಇರಲಿಲ್ಲ. ಮೆಣಸಿನಕಾಯಿಯ ತವರು ಮೆಕ್ಸಿಕೊ, ಶೇಂಗಾ ದಕ್ಷಿಣ ಅಮೆರಿಕದ್ದು; ಪೋರ್ಚುಗೀಸರ ಹಡಗುಗಳು ಬಂದ ಮೇಲಷ್ಟೇ ಅವು ನಮ್ಮ ಹೊಲ ಸೇರಿದವು. ಜೋಳ, ಸಜ್ಜೆ, ಎಳ್ಳು, ತೊಗರಿ ಮಾತ್ರ ಆಗಲೂ ಇದ್ದವು. ಕೆನಡಾದವರು ಬಿಸಿಲಿಗಾಗಿ ಹುಡುಕಿ ಹೋಗುವ ಆ ನಾಡಿನ ಖಾರ ಔರಾದಿನ ಅಜ್ಜಿಯ ಭಜ್ಜಿಯಲ್ಲಿ ಐನೂರು ವರ್ಷದ ನೆಂಟಸ್ತನ ಮಾಡಿಕೊಂಡು ಕುಳಿತಿದೆ.

ಕ್ಯಾಲೆಂಡರಿನಲ್ಲಿ ಮಾರ್ಗಶಿರದ ಅಮಾವಾಸ್ಯೆ ಎಂದು ಬೀಳುತ್ತದೆ ನೋಡಿಕೊಳ್ಳಿ. ಬೆಂಗಳೂರಿನಿಂದ ರಾತ್ರಿ ರೈಲಿದೆ. ಹೈದರಾಬಾದಿನಿಂದಾದರೆ ರಸ್ತೆಯಲ್ಲಿ ಸುಮಾರು 140 ಕಿ.ಮೀ. ಮಕ್ಕಳಿಗೆ ಸ್ವೆಟರ್, ಝರಣಿಗೆ ಒಂದು ಜೊತೆ ಹೆಚ್ಚಿನ ಬಟ್ಟೆ ಇಟ್ಟುಕೊಳ್ಳಿ. ಅಮಾವಾಸ್ಯೆಗೆ ಎರಡು ದಿನ ಮೊದಲೇ ಊರು ಸೇರಿ, ಚಹಾದಂಗಡಿಯಲ್ಲಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳಿ. ಆ ದಿನ ಹೋಟೆಲುಗಳು ಮುಚ್ಚಿರಬಹುದು. ಯಾರಾದರೂ ಹೊಲಕ್ಕೆ ಕರೆದರೆ ಸಂಕೋಚಪಡದೆ ಹೋಗಿ.